ರೂಟರ್ ಪಟ್ಟಿಯಲ್ಲಿ ಯಾರ್ಯಾರಿದ್ದಾರೆ?

(ಕೊಪ್ಪಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಲ್ಲಿ ವಚನದ ಮೇಲೆ, ಶಾಸನದ ಮೇಲೆ, ಜನಪದ ಹಾಡಿನ ಮೇಲೆ ಉಪನ್ಯಾಸಗಳಾಗಿವೆ. ಈ ಸಲ ವಿಜ್ಞಾನದ ವಿಷಯ ಇರಲಿ ಎಂದು ಸಂಘಟಕರು ಕೇಳಿದರು. ನಾನು ಆರಿಸಿಕೊಂಡದ್ದು ನಮ್ಮ ಮನೆಗಳ ಗೋಡೆಯ ಮೊಳೆಗೆ ತೂಗಿಬಿದ್ದಿರುವ ವೈಫೈ ಡಬ್ಬಿಯನ್ನು, ಅಂದರೆ ರೂಟರನ್ನು. ಅದಕ್ಕೆ ಏನೇನು ಸೇರಿಕೊಂಡಿದೆ, ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನೆಂದು ಹೆಸರಿಡಬೇಕು, ಆ ಹೆಸರನ್ನು ಇಡುವವರು ಯಾರು ಎಂಬುದಷ್ಟೇ ಇವತ್ತಿನ ಮಾತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸ ರೂಟರಿನಿಂದ ಆಗುವುದಿಲ್ಲ, ಲೈನ್ ಎಳೆದು ಹೋದ ಹುಡುಗನಿಂದ ಆಗುವುದಿಲ್ಲ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನಿಂದಲೂ ಆಗುವುದಿಲ್ಲ. ಮನೆಯಲ್ಲಿ ಬಾಳುವೆ ಮಾಡುವವರೇ ಮಾಡಬೇಕು.

ನಾವು ಕುಳಿತಿರುವ ಈ ಊರಿನಲ್ಲೇ ಗುರುತು ಹಿಡಿಯುವುದಕ್ಕೆ ಒಂದು ದೊಡ್ಡ ಪಾಠವಿದೆ. ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. 1931ರಲ್ಲಿ ಅವು ಬೆಳಕಿಗೆ ಬಂದವು. ಗವಿಮಠದ ಶಾಸನದಲ್ಲಿ ಅರಸ ತನ್ನನ್ನು ದೇವಾನಾಂಪ್ರಿಯ ಎಂದು ಕರೆದುಕೊಂಡಿದ್ದಾನೆ, ಅಶೋಕ ಎಂದಲ್ಲ. ಅದು ಬಿರುದು. ಸಿಂಹಳದ ಅರಸ ತಿಸ್ಸನಿಗೂ ಅದೇ ಬಿರುದಿತ್ತು. ಹೀಗಾಗಿ 1837ರಲ್ಲಿ ಬ್ರಾಹ್ಮಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್, ಉತ್ತರದ ಶಾಸನಗಳಲ್ಲಿ ಈ ಬಿರುದನ್ನು ಕಂಡಾಗ ಮೊದಲಿಗೆ ಇವನು ಸಿಂಹಳದ ತಿಸ್ಸನೇ ಇರಬೇಕೆಂದು ಎಣಿಸಿದ್ದ. ಪಾಲಿ ಗ್ರಂಥಗಳ ಆಧಾರ ತೋರಿಸಿ ಜಾರ್ಜ್ ಟರ್ನರ್ ಅದನ್ನು ತಿದ್ದಿದ. 1915ರಲ್ಲಿ ನಮ್ಮ ನೆರೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆಯ ಮೇಲೆ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರೂ ಸಿಕ್ಕಿತು, ಅನುಮಾನ ಹರಿಯಿತು. ಯಾರೇ ಆಗಲಿ ತನ್ನ ಬಗ್ಗೆ ತಾನು ಹೇಳಿಕೊಂಡದ್ದನ್ನು ಒಪ್ಪಿಕೊಳ್ಳುವ ಮೊದಲು ಬೇರೆ ಕಡೆಯ ಸಾಕ್ಷಿಯೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು. ರೂಟರಿಗೆ ಸೇರಿದ ಸಾಧನಗಳ ಪಟ್ಟಿಯನ್ನು ಓದುವ ಕ್ರಮವೂ ಇದೇ.

ಈಗ ನಮ್ಮ ತಾಲ್ಲೂಕುಗಳ ಸಂಗತಿಗೆ ಬರೋಣ. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವು 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಪಡೆದು ಗ್ರಾಮ ಪಂಚಾಯ್ತಿಗಳ ಕಡೆಗೆ ಹೊರಟಿತು. 2019ರ ಸೆಪ್ಟೆಂಬರಿನಲ್ಲಿ ಜಿಯೊ ಫೈಬರ್ ಬಂತು. ಬಿಎಸ್‌ಎನ್‌ಎಲ್, ಏರ್‌ಟೆಲ್ ಇವೆ. ಜೊತೆಗೆ ಟಿವಿ ಕೇಬಲ್ ನಡೆಸುತ್ತಿದ್ದವರೇ ಊರೂರಲ್ಲಿ ಇಂಟರ್ನೆಟ್ ಲೈನನ್ನೂ ಕೊಡತೊಡಗಿದರು. ಲೈನ್ ಹುಡುಗ ಬರುತ್ತಾನೆ, ಕಂಬದಿಂದ ದಾರದಂಥ ಫೈಬರ್ ಎಳೆಯುತ್ತಾನೆ, ಡಬ್ಬಿ ಕೂಡಿಸುತ್ತಾನೆ, ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಮುಂದಿನ ಮನೆಗೆ ಹೋಗುತ್ತಾನೆ. ಡಬ್ಬಿಯ ಒಳಗೆ ಹೋಗಿ ನೋಡಲು ಬೇಕಾದ ಇನ್ನೊಂದು ಪಾಸ್‌ವರ್ಡ್ ಇದೆ ಎಂಬುದೇ ಬಹಳ ಮನೆಗಳಿಗೆ ಗೊತ್ತಾಗುವುದಿಲ್ಲ. ಅದು ಡಬ್ಬಿಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ, ಇಲ್ಲವೇ ಲೈನಿನವರ ಹತ್ತಿರ ಉಳಿದಿರುತ್ತದೆ.

ಕುಷ್ಟಗಿಯ ಒಂದು ಮನೆಯ ಪಟ್ಟಿಯನ್ನು ನಿಮ್ಮ ಮುಂದೆ ಇಡುತ್ತೇನೆ. ನಿವೃತ್ತ ಮಾಸ್ತರರು, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮೊಮ್ಮಗಳು. ಮಾಸ್ತರರು ಫೋನ್ ಮಾಡಿ, "ಸರ್, ನಮ್ಮ ವೈಫೈದಾಗ ಯಾರೋ ಹೊಕ್ಕಾರ ನೋಡ್ರಿ, ಕಳ್ಳರೇನೋ ಅನಸಾಕತ್ತೈತಿ" ಎಂದರು. ಬ್ರೌಸರಿನಲ್ಲಿ 192.168.1.1 ಒತ್ತಿ ಒಳಗೆ ಹೋದೆವು (ಜಿಯೊ ಡಬ್ಬಿಯಾದರೆ 192.168.29.1, ಕೆಲವು ಟಿಪಿ-ಲಿಂಕ್ ಡಬ್ಬಿಗಳಿಗೆ 192.168.0.1). ಸೇರಿದ ಸಾಧನಗಳ ಪಟ್ಟಿ ತೆರೆಯಿತು. ಒಂದು ಸಾಲಿನಲ್ಲಿ ಮೊಬೈಲ್ ಕಂಪನಿಯ ಮಾದರಿ ಹೆಸರು. ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಎಂದಿದ್ದು ಅದರ ಮುಂದೆ ಅರ್ಥವಿಲ್ಲದ ಅಕ್ಷರ ಅಂಕಿಗಳ ಬಾಲ. ಮತ್ತೊಂದರಲ್ಲಿ ಇಎಸ್‌ಪಿ ಎಂಬ ಮೂರಕ್ಷರ ಮತ್ತು ಆರು ಗುರುತುಗಳು. ಮುಂದಿನದರಲ್ಲಿ ಹುಯಿಜೌ ಗಾವೊಶೆಂಗ್ಡ ಎಂಬ ಚೀನಾ ಕಂಪನಿಯ ಹೆಸರು. ಕೊನೆಯದು ಬರೀ 'ಅಪರಿಚಿತ'. ಮಾಸ್ತರರು ಹೆದರಿದ್ದು ಈ ಚೀನಾ ಹೆಸರನ್ನು ನೋಡಿ.

ಅದು ಅವರ ಪಡಸಾಲೆಯ ಟಿವಿ. ಟಿವಿಯ ಮೇಲೆ ಅಂಗಡಿಯವನು ಹೇಳಿದ ಬ್ರ್ಯಾಂಡ್ ಇದೆ, ಒಳಗಿನ ವೈಫೈ ಬಿಡಿಭಾಗವನ್ನು ಮಾಡಿದ ಕಂಪನಿ ಬೇರೆ. ರೂಟರಿಗೆ ಕಾಣುವುದು ಆ ಬಿಡಿಭಾಗ ಮಾತ್ರ. ಇಎಸ್‌ಪಿ ಎಂದಿದ್ದದ್ದು ಮೊಬೈಲಿನಿಂದ ಹಚ್ಚಿ ಆರಿಸುವ ಬಲ್ಬು. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಚಿಪ್ಪು ಅಂಥ ಬಲ್ಬು, ಪ್ಲಗ್ಗುಗಳಲ್ಲಿ ಎಲ್ಲೆಲ್ಲೂ ಇದೆ. ಲ್ಯಾಪ್‌ಟಾಪು ಮೊಮ್ಮಗಳದು. ವಿಂಡೋಸ್ ತಾನೇ ಇಟ್ಟುಕೊಂಡ ಹೆಸರು ಅದು, ಯಾರೂ ಬದಲಿಸಿಲ್ಲ. 'ಅಪರಿಚಿತ' ಯಾರೆಂಬುದನ್ನು ಮುಂದೆ ಹೇಳುತ್ತೇನೆ.

ಪ್ರತಿ ಸಾಲಿನಲ್ಲೂ ಮೂರು ಸಂಗತಿಗಳಿರುತ್ತವೆ, ಮೂರರ ಬೆಲೆ ಮೂರು ತರಹ. ಐಪಿ ವಿಳಾಸ ರೂಟರು ಆ ಹೊತ್ತಿಗೆ ಹಂಚಿದ್ದು. ಹೀಗೆ ತಾನಾಗಿ ವಿಳಾಸ ಹಂಚುವ ಕ್ರಮ 1993ರಿಂದ ಇದೆ. 192.168ರಿಂದ ಶುರುವಾಗುವ ಅಂಕಿಗಳು ಖಾಸಗಿ ಜಾಲಗಳ ಒಳಬಳಕೆಗೆಂದೇ ಮೀಸಲಾದವು, ಕೊಪ್ಪಳದಲ್ಲೂ ಅವೇ, ಟೋಕಿಯೊದಲ್ಲೂ ಅವೇ. ಎರಡನೆಯದು ಮ್ಯಾಕ್ ವಿಳಾಸ. ಹನ್ನೆರಡು ಗುರುತು, ಎರಡೆರಡರ ಆರು ಜೋಡಿ. 0ಯಿಂದ 9ರವರೆಗಿನ ಅಂಕಿ ಮತ್ತು ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಅಕ್ಷರ ಅದರಲ್ಲಿ ಬರುತ್ತವೆ. ಮೊದಲ ಆರು ಗುರುತನ್ನು ತಯಾರಕರಿಗೆ ಐಇಇಇ ಸಂಸ್ಥೆ ಹಂಚುತ್ತದೆ, ಉಳಿದ ಆರನ್ನು ತಯಾರಕರು ಒಂದೊಂದು ಸಾಧನಕ್ಕೆ ಕೊಡುತ್ತಾರೆ. ಹೊಲಕ್ಕೆ ಸರ್ವೆ ನಂಬರ್ ಇದ್ದಂತೆ ಇದು: ಕಾಗದದಲ್ಲಿ ಖಚಿತ, ಆದರೆ ಬಿತ್ತಲು ಹೊರಟವನಿಗೆ ಅದು 'ಬನ್ನಿಗಿಡದ ಹೊಲ' ಎಂದು ಗೊತ್ತಿದ್ದರೆ ಮಾತ್ರ ಕೆಲಸ ಸಾಗುತ್ತದೆ. ಮೂರನೆಯದು ಸಾಧನ ತಾನೇ ಹೇಳಿಕೊಂಡ ಹೆಸರು. ಅದನ್ನು ಯಾರು ಬೇಕಾದರೂ ಏನಾದರೂ ಹೇಳಿಕೊಳ್ಳಬಹುದು, ರೂಟರು ಪರೀಕ್ಷೆ ಮಾಡುವುದಿಲ್ಲ.

ಮ್ಯಾಕ್ ವಿಳಾಸವಾದರೂ ಗಟ್ಟಿಯಲ್ಲವೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಒಂದು ಕಾಲಕ್ಕೆ ಗಟ್ಟಿಯಾಗಿತ್ತು. ಆದರೆ ಅದೇ ಗುರುತು ಹಿಡಿದು ಮಾಲ್, ವಿಮಾನ ನಿಲ್ದಾಣಗಳಲ್ಲಿ ಜನರ ಓಡಾಟವನ್ನು ಅವರಿಗೆ ತಿಳಿಯದಂತೆ ಲೆಕ್ಕ ಇಡಬಹುದು ಎಂಬುದು ಸ್ಪಷ್ಟವಾದ ಮೇಲೆ ಫೋನ್ ತಯಾರಕರು ದಾರಿ ಬದಲಿಸಿದರು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನುಗಳು ಒಂದೊಂದು ವೈಫೈಗೂ ಒಂದೊಂದು ಕೃತಕ ಮ್ಯಾಕ್ ವಿಳಾಸ ತೋರಿಸುತ್ತವೆ. ಇದನ್ನು ಕಣ್ಣಿನಲ್ಲೇ ಗುರುತಿಸಬಹುದು. ಹನ್ನೆರಡು ಗುರುತುಗಳಲ್ಲಿ ಎರಡನೆಯದನ್ನು ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಆ ವಿಳಾಸ ತಯಾರಕರು ಕೊಟ್ಟದ್ದಲ್ಲ, ಸಾಧನ ತಾನೇ ಹುಟ್ಟಿಸಿಕೊಂಡದ್ದು. ಅಂಥ ವಿಳಾಸಕ್ಕೆ ಕಂಪನಿ ಹೆಸರು ಸಿಗುವುದಿಲ್ಲ, ರೂಟರು 'ಅಪರಿಚಿತ' ಎಂದು ಬರೆದು ಕೈಬಿಡುತ್ತದೆ. ಮಾಸ್ತರರ ಮನೆಯ ಅಪರಿಚಿತನ ಎರಡನೆಯ ಗುರುತು 6 ಆಗಿತ್ತು. ಅದು ಮಾಸ್ತರರ ಕಿಸೆಯಲ್ಲಿದ್ದ ಫೋನು.

ಇಲ್ಲಿ ಎಡವುವ ಒಂದು ಜಾಗ ಇದೆ, ಹೇಳಲೇಬೇಕು. ಫೋನಿನ 'ಫೋನ್ ಬಗ್ಗೆ' ಎಂಬ ಪುಟದಲ್ಲಿ ಕಾಣುವ ಮ್ಯಾಕ್ ವಿಳಾಸ ಬಹಳ ಸಲ ಕಾರ್ಖಾನೆಯದು, ರೂಟರ್ ಪಟ್ಟಿಯ ಜೊತೆ ಅದು ತಾಳೆಯಾಗುವುದಿಲ್ಲ. ವೈಫೈ ಸೆಟ್ಟಿಂಗಿಗೆ ಹೋಗಿ, ಮನೆಯ ವೈಫೈ ಹೆಸರಿನ ಪಕ್ಕದ ಚಿಹ್ನೆ ಒತ್ತಿದರೆ ಕಾಣುವ ವಿಳಾಸವನ್ನು ತಾಳೆ ನೋಡಬೇಕು. ಈ ಕೃತಕ ವಿಳಾಸವನ್ನು ಆಫ್ ಮಾಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಮನೆಯ ಲೆಕ್ಕ ಸುಲಭವಾಗಲೆಂದು ಹೊರಗಿನ ಕಾವಲನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯವಾಗಿ ಆ ಕೃತಕ ವಿಳಾಸವೂ ನಮ್ಮ ಮನೆಯ ವೈಫೈಗೆ ಸ್ಥಿರವಾಗಿಯೇ ಇರುತ್ತದೆ. ಅದಕ್ಕೇ ಹೆಸರು ಹಚ್ಚಿದರೆ ಸಾಕು.

ಗುರುತಿಸುವ ಕೆಲಸ ಕಳೆಯುವ ಲೆಕ್ಕದ ಹಾಗೆ ನಡೆಯಲಿ. ಗೊತ್ತಿರುವುದರಿಂದ ಶುರು ಮಾಡಿ. ನಿಮ್ಮ ಫೋನಿನ ವೈಫೈ ಆರಿಸಿ, ಪಟ್ಟಿಯನ್ನು ಇನ್ನೊಂದು ಸಾಧನದಲ್ಲಿ ಮತ್ತೆ ತೆರೆಯಿರಿ, ಯಾವ ಸಾಲು ಹೋಯಿತೋ ಅದು ನಿಮ್ಮದು. ಕೆಲವು ಡಬ್ಬಿಗಳು ಹೋದ ಸಾಲನ್ನು ಅಳಿಸಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ, ಅವಸರ ಬೇಡ. ಆಮೇಲೆ ಟಿವಿಯ ಪ್ಲಗ್ ತೆಗೆಯಿರಿ, ಆಮೇಲೆ ಕ್ಯಾಮೆರಾ. ಸಿಕ್ಕಿದ್ದಕ್ಕೆ ಆಗಲೇ ಹೆಸರು ಬರೆಯಿರಿ, ನಾಳೆಗೆ ಬಿಡಬೇಡಿ. ಕೊನೆಗೂ ಒಂದೆರಡು ಸಾಲು ಬಗೆಹರಿಯದೆ ಉಳಿದರೆ ವೈಫೈ ಪಾಸ್‌ವರ್ಡ್ ಬದಲಿಸಿ. ಎಲ್ಲವೂ ಉದುರುತ್ತವೆ. ನಮ್ಮದಾದರೆ ಅದರ ವಾರಸುದಾರರು "ನೆಟ್ ಹತ್ತವಲ್ದು" ಎಂದು ಕೇಳಿಕೊಂಡು ಬರುತ್ತಾರೆ. ಯಾರೂ ಬರದಿದ್ದರೆ ಅದು ನಮ್ಮದಲ್ಲ, ಹೋದದ್ದೇ ಒಳ್ಳೆಯದು.

ಪಕ್ಕದ ಮನೆಯವರ ಮಾತು ಇಲ್ಲಿ ಬರುತ್ತದೆ. ನಮ್ಮ ಓಣಿಗಳಲ್ಲಿ ಆನ್‌ಲೈನ್ ಅರ್ಜಿ ತುಂಬಬೇಕೆಂದೋ ಪರೀಕ್ಷೆ ಇದೆಯೆಂದೋ ಪಕ್ಕದ ಮನೆಯ ಹುಡುಗಿ ಬಂದು, "ಕಾಕಾ, ಒಂಚೂರು ವೈಫೈ ಕೊಡ್ರಿ" ಅಂದರೆ ಇಲ್ಲ ಅನ್ನುವವರು ಕಡಿಮೆ. ಕೊಡುವುದು ಒಳ್ಳೆಯದೇ. ಪಟ್ಟಿಯಲ್ಲಿ ಅವಳ ಫೋನು ಕಂಡರೆ ಕಳ್ಳತನದ ಮಾತಾಡಬೇಡಿ. ಈಗಿನ ಬಹುತೇಕ ಡಬ್ಬಿಗಳಲ್ಲಿ ಅತಿಥಿಗಳಿಗೆಂದು ಬೇರೆ ವೈಫೈ ಮಾಡುವ ಸೌಕರ್ಯವಿದೆ. ಅದಕ್ಕೆ ಬೇರೆ ಪಾಸ್‌ವರ್ಡ್ ಇಟ್ಟು ಅದನ್ನು ಕೊಡಿ. ಆಗ ಅವಳಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕ್ಯಾಮೆರಾ, ಪ್ರಿಂಟರುಗಳ ಹತ್ತಿರಕ್ಕೆ ದಾರಿ ಇರುವುದಿಲ್ಲ. ಹೊರಗಿನಿಂದ ನೋಡಿದರೆ ನಿಮ್ಮ ಲೈನಿನಲ್ಲಿ ನಡೆದದ್ದೆಲ್ಲ ನಿಮ್ಮ ಹೆಸರಿಗೇ ಬರುತ್ತದೆ ಎಂಬುದು ಮಾತ್ರ ನೆನಪಿರಲಿ.

ಈಗ ಹೆಸರು. ಕಂಪ್ಯೂಟರಿಗೆ ಹೆಸರಿಡುವುದು ಸಣ್ಣ ವಿಷಯವೆಂದು ಜಾಲ ಕಟ್ಟಿದವರು ಎಂದೂ ತಿಳಿದಿರಲಿಲ್ಲ. ಇಂಟರ್ನೆಟ್ಟಿನ ಹಿಂದಿನ ಅರ್ಪಾನೆಟ್ ಕಾಲದಲ್ಲಿ ಆ ಜಾಲದ ಎಲ್ಲ ಯಂತ್ರಗಳ ಹೆಸರಿನ ಪಟ್ಟಿಯನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಒಂದೇ ಕಡತದಲ್ಲಿ ನಿರ್ವಹಿಸುತ್ತಿತ್ತು. ಯಂತ್ರಗಳು ಹೆಚ್ಚಿ ಕಡತ ನಿಭಾಯಿಸಲಾಗದೆ ಹೋದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇಂದಿನ ಡೊಮೈನ್ ಹೆಸರಿನ ವ್ಯವಸ್ಥೆಯನ್ನು ರೂಪಿಸಿದರು. 1990ರಲ್ಲಿ ಡಾನ್ ಲೀಬ್ಸ್ ಕಂಪ್ಯೂಟರಿಗೆ ಹೆಸರು ಆರಿಸುವುದು ಹೇಗೆಂದು ಒಂದು ಟಿಪ್ಪಣಿಯನ್ನೇ ಬರೆದರು. ನಿಮ್ಮ ಹೆಸರನ್ನೇ ಯಂತ್ರಕ್ಕೆ ಇಡಬೇಡಿ ಎಂಬುದು ಅದರ ಒಂದು ಸಲಹೆ.

ಮನೆಯ ಮಟ್ಟಿಗೆ ನನ್ನ ಸಲಹೆ ಇಷ್ಟು. ಕೂತ ಜಾಗ ಬಿಡದ ಸಾಧನಕ್ಕೆ ಜಾಗದ ಹೆಸರಿಡಿ: ಪಡಸಾಲಿ ಟಿವಿ, ತಲಬಾಗಿಲ ಕ್ಯಾಮೆರಾ, ಹಿತ್ತಲ ಕ್ಯಾಮೆರಾ, ಮಾಳಿಗಿ ಬಲ್ಬು. ಕಂಪನಿಯ ಹೆಸರಿಡಬೇಡಿ, ಮೂರು ವರ್ಷಕ್ಕೆ ಟಿವಿ ಬದಲಾಗುತ್ತದೆ, ಪಡಸಾಲಿ ಇರುತ್ತದೆ. ಫೋನಿಗೆ ಮನುಷ್ಯರ ಹೆಸರು ಬೇಕೇಬೇಕು, ಆದರೆ 'ಅವ್ವನ ಮೊಬೈಲ್' ಎಂದು ಬರೆದರೆ ಕೂಡುಕುಟುಂಬದಲ್ಲಿ ಗೊಂದಲ. ಮಗನಿಗೆ ಅವ್ವ, ಸೊಸೆಗೆ ಅತ್ತಿ, ಮೊಮ್ಮಗಳಿಗೆ ಅಮ್ಮ ಆಗಿರುವವಳು ಒಬ್ಬಳೇ. ಅವರ ಸ್ವಂತ ಹೆಸರನ್ನೇ ಬರೆಯಿರಿ. ಆದರೆ ಎಲ್ಲಿ ಬರೆಯುತ್ತೀರಿ ಎಂಬುದು ಮುಖ್ಯ. ರೂಟರಿನ ಪಟ್ಟಿಯಲ್ಲಿ ಹಚ್ಚಿದ ಹೆಸರು ಅಲ್ಲೇ ಇರುತ್ತದೆ (ಕಂಪನಿಯ ಆ್ಯಪ್ ಮೂಲಕ ಹಚ್ಚಿದರೆ ಕಂಪನಿಗೂ ಹೋಗಬಹುದು). ಫೋನಿನ ಸೆಟ್ಟಿಂಗಿನಲ್ಲಿ ಬರೆದ ಹೆಸರನ್ನು ಫೋನು ಹೋದಲ್ಲೆಲ್ಲ ಸಾರಬಹುದು. ಲಾಡ್ಜಿನ ವೈಫೈ ಆಗಲಿ, ರೈಲು ನಿಲ್ದಾಣದ ವೈಫೈ ಆಗಲಿ, ಸೇರಿಕೊಂಡ ಕಡೆ ಆ ಹೆಸರು ಕಾಣಿಸಿಕೊಳ್ಳಬಹುದು. ಈ ಅಪಾಯದ ಬಗ್ಗೆ 2017ರಲ್ಲಿ ಇಂಟರ್ನೆಟ್ ಎಂಜಿನಿಯರುಗಳ ಸಮುದಾಯ ಎಚ್ಚರಿಕೆಯ ದಾಖಲೆಯೊಂದನ್ನು ಹೊರಡಿಸಿತು. ಕಾಲೇಜು ಹುಡುಗಿಯರು ಫೋನಿಗೆ ಪೂರ್ತಿ ಹೆಸರು, ಊರು ಹಾಕಿಕೊಂಡಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಳಗೆ ಹೆಸರಿರಲಿ, ಹೊರಗೆ ಮಾದರಿ ನಂಬರು ಸಾಕು.

ಕನ್ನಡದಲ್ಲಿ ಬರೆಯಬಹುದೇ? ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಾಧನದ ಜಾಲನಾಮಕ್ಕೆ 1980ರ ದಶಕದ ಹಳೆಯ ನಿಯಮ ಇಂದಿಗೂ ಅಂಟಿಕೊಂಡಿದೆ: ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಷ್ಟೇ. ಪಟ್ಟಿಯ ಹೆಸರಿನ ಖಾನೆಯಲ್ಲಿ ಕೆಲವು ರೂಟರುಗಳು ಕನ್ನಡವನ್ನು ಒಪ್ಪುತ್ತವೆ, ಕೆಲವು ಪ್ರಶ್ನಾರ್ಥಕ ಚಿಹ್ನೆಗಳನ್ನು ಸಾಲಾಗಿ ತೋರಿಸುತ್ತವೆ. ವೈಫೈ ಹೆಸರನ್ನು ಮಾತ್ರ ಕನ್ನಡದಲ್ಲಿ ಇಡಬಹುದು, ಅದಕ್ಕೆ 32 ಬೈಟುಗಳ ಮಿತಿ ಇದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಗುಣಿತದ ಚಿಹ್ನೆಗೂ ಅನುಸ್ವಾರಕ್ಕೂ ಮೂರು, ಒತ್ತಕ್ಷರದ ಒಳಗಿನ ವಿರಾಮಕ್ಕೂ ಮೂರು. ಹೀಗಾಗಿ ಕೊಪ್ಪಳ ಎಂಬುದಕ್ಕೆ 18 ಬೈಟ್, ಗಂಗಾವತಿಗೆ 21, ಕುಷ್ಟಗಿಗೆ 21, ಯಲಬುರ್ಗಾಕ್ಕೆ 24. 'ಕೊಪ್ಪಳ ಮನೆ' ಎಂದರೆ ನಡುವಿನ ಖಾಲಿ ಜಾಗವೂ ಸೇರಿ 28, ಹಿಡಿಸುತ್ತದೆ. 'ಗಂಗಾವತಿ ಮನೆ', 'ಕುಷ್ಟಗಿ ಮನೆ' ತಲಾ 31, ಕೂದಲೆಳೆಯಲ್ಲಿ ಹಿಡಿಸುತ್ತವೆ. 'ಯಲಬುರ್ಗಾ ಮನೆ' 34, ಹಿಡಿಸುವುದಿಲ್ಲ. ಕೊನೆಯ ದೀರ್ಘ ಬಿಟ್ಟು 'ಯಲಬುರ್ಗ ಮನೆ' ಎಂದರೆ 31ಕ್ಕೆ ಇಳಿಯುತ್ತದೆ. ಊರಿನ ಹೆಸರಿನ ದೀರ್ಘವೊಂದು ಉಳಿಯಬೇಕೋ ಹೋಗಬೇಕೋ ಎಂಬುದನ್ನು ಬೈಟಿನ ಲೆಕ್ಕ ತೀರ್ಮಾನಿಸಬಾರದು. ರೂಟರ್ ಮಾಡುವವರು ಸಾಧನದ ಹೆಸರಿಗೆ ಭಾರತದ ಎಲ್ಲ ಲಿಪಿಗಳನ್ನೂ ಒಪ್ಪಬೇಕು, ಪುಟವನ್ನೇ ಕನ್ನಡದಲ್ಲಿ ಕೊಡಬೇಕು. ಈ ಬೇಡಿಕೆ ಗಟ್ಟಿಯಾಗಿ ಕೇಳಬೇಕಾದದ್ದು. ಅದಾಗುವವರೆಗೆ ಇಂಗ್ಲಿಷ್ ಅಕ್ಷರದಲ್ಲಿ ಪಡಸಾಲಿ ಎಂದೇ ಬರೆಯಿರಿ, ಲಿವಿಂಗ್ ರೂಮ್ ಎಂದು ಬರೆಯಬೇಡಿ. ನಮ್ಮ ಮನೆಗಳಲ್ಲಿ ಪಡಸಾಲಿ ಇದೆ.

ಹೆಸರಿಟ್ಟರೆ ಸಿಗುವ ಒಂದು ನೇರ ಲಾಭವನ್ನು ಯಲಬುರ್ಗಾ ಕಡೆಯ ಒಂದು ಅಂಗಡಿಯಲ್ಲಿ ನೋಡಿದೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು ಅಲ್ಲಿನ ಕೆಲಸ. ಕರೆಂಟು ಹೋಗಿ ಬಂದಾಗೊಮ್ಮೆ ಪ್ರಿಂಟರು ಸುಮ್ಮನಾಗುತ್ತಿತ್ತು. ಹೊರಗೆ ರೈತರ ಪಾಳಿ, ಒಳಗೆ ಹುಡುಗ ಪ್ರಿಂಟರನ್ನು ಕಂಪ್ಯೂಟರಿನಿಂದ ತೆಗೆದು ಮತ್ತೆ ಸೇರಿಸುತ್ತ ಕೂರುವುದು. ಪ್ರಿಂಟರಿನಲ್ಲಿ ದೋಷವಿರಲಿಲ್ಲ. ಡಬ್ಬಿ ಆರಿ ಹೊತ್ತಿದಾಗ ವಿಳಾಸ ಹಂಚಿದ ನೆನಪು ಅಳಿದು, ಪ್ರಿಂಟರಿಗೆ ಬೇರೆ ಐಪಿ ವಿಳಾಸ ಸಿಗುತ್ತಿತ್ತು. ಕಂಪ್ಯೂಟರು ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತಿತ್ತು. ಪಟ್ಟಿಯಲ್ಲಿ ಪ್ರಿಂಟರನ್ನು ಗುರುತಿಸಿ, ಹೆಸರಿಟ್ಟು, ಅದರ ಮ್ಯಾಕ್ ವಿಳಾಸಕ್ಕೆ ಒಂದೇ ಐಪಿ ವಿಳಾಸವನ್ನು ಕಾಯ್ದಿರಿಸಿದ ಮೇಲೆ ಆ ತೊಂದರೆ ನಿಂತಿತು. ಇದಕ್ಕೆ ದುಡ್ಡು ಹತ್ತಲಿಲ್ಲ.

ಕ್ಯಾಮೆರಾಗಳ ವಿಷಯ ಹೆಚ್ಚು ಗಂಭೀರ. ಗಂಗಾವತಿಯ ಅಕ್ಕಿ ಗಿರಣಿಗಳಿಂದ ಹಿಡಿದು ಸಾದಾ ಮನೆಗಳ ತನಕ ಈಗ ಕ್ಯಾಮೆರಾ ಇದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ರೆಕಾರ್ಡರ್ ಡಬ್ಬಿ, ಮನೆಯ ರೂಟರುಗಳೊಳಗೆ ಹೊಕ್ಕಿತು. ಅದರ ಆಯುಧ ಸರಳ: ಕಾರ್ಖಾನೆಯಲ್ಲಿ ಇಟ್ಟು ಯಾರೂ ಬದಲಿಸದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳು. ಅದೇ ವರ್ಷ ಅಕ್ಟೋಬರ್ 21ರಂದು ಆ ಸಾಧನಗಳಲ್ಲಿ ಹಲವು ಸೇರಿ ಡೊಮೈನ್ ಹೆಸರಿನ ಸೇವೆ ನೀಡುತ್ತಿದ್ದ ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗಲಿಲ್ಲ. ಆ ಕ್ಯಾಮೆರಾಗಳ ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ, ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು. ನಮ್ಮಲ್ಲಿ ಇಂಥ ಸೋಂಕಿಗೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಿಂದ ಸೈಬರ್ ಸ್ವಚ್ಛತಾ ಕೇಂದ್ರ ನಡೆಸುತ್ತಿದೆ, ಉಚಿತ ಸಲಕರಣೆ ಕೊಡುತ್ತದೆ. ಆದರೆ ಯಾವ ಸಾಲು ಯಾವ ಕ್ಯಾಮೆರಾ ಎಂದು ತಿಳಿಯದ ಮನೆಯಲ್ಲಿ ಏನನ್ನು ಸ್ವಚ್ಛ ಮಾಡುವುದು? ಹೆಸರಿಟ್ಟ ದಿನವೇ ಅದರ ಕಾರ್ಖಾನೆ ಪಾಸ್‌ವರ್ಡ್ ಬದಲಿಸಿ. ಹಣಕಾಸಿನ ಮೋಸವೇನಾದರೂ ನಡೆದಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ನನ್ನನ್ನು ಹೆಚ್ಚು ಕಾಡುವುದು ಹಿರಿಯರಷ್ಟೇ ಉಳಿದಿರುವ ಮನೆಗಳು. ಮಗ ಹಬ್ಬಕ್ಕೆ ಬಂದಾಗ ಕ್ಯಾಮೆರಾ ಹಾಕಿಸುತ್ತಾನೆ, ಬಲ್ಬು ತರುತ್ತಾನೆ, ಎಲ್ಲವನ್ನೂ ತನ್ನ ಫೋನಿಗೆ ಜೋಡಿಸಿಕೊಂಡು ಬೆಂಗಳೂರಿಗೆ ಹೊರಡುತ್ತಾನೆ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಮನೆಯ ಜಾಲದ ತಿಳಿವಳಿಕೆಯೂ ಅವನ ಜೊತೆ ಬಸ್ ಹತ್ತಿರುತ್ತದೆ. ಕ್ಯಾಮೆರಾ ನಿಂತರೆ ಅವ್ವನಿಗೆ ಯಾವ ಪ್ಲಗ್ ನೋಡಬೇಕೆಂದು ತಿಳಿಯದು, ಅವನಿಗೆ ಅಲ್ಲಿಂದ ಕಾಣದು. ಈ ತಿಳಿವಳಿಕೆ ಇರಬೇಕಾದದ್ದು ಮನೆಯಲ್ಲಿ, ಅದೂ ಕಾಗದದ ಮೇಲೆ: ಹೆಸರು, ಎಲ್ಲಿದೆ, ಮ್ಯಾಕ್ ವಿಳಾಸ, ಯಾವಾಗ ತಂದದ್ದು. ಡಬ್ಬಿಯ ಪಾಸ್‌ವರ್ಡ್ ಮನೆಯಲ್ಲಿ ವಾಸವಿರುವ ಇಬ್ಬರಿಗಾದರೂ ಗೊತ್ತಿರಲಿ, ಅವರಲ್ಲಿ ಒಬ್ಬರು ಹೆಣ್ಣುಮಕ್ಕಳಾಗಿರಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೇಳಿಕೆ. ಬರುವ ರಜೆಯಲ್ಲಿ ನಿಮ್ಮ ಓಣಿಯ ಒಂದು ಹಿರಿಯರ ಮನೆಗೆ, ಅವರ ಒಪ್ಪಿಗೆ ಕೇಳಿ ಹೋಗಿ. ಪಟ್ಟಿಯನ್ನು ನೀವು ಮಾಡಿಕೊಡಬೇಡಿ, ಪಕ್ಕದಲ್ಲಿ ಕುಳಿತು ಅವರಿಂದ ಮಾಡಿಸಿ. ಪ್ಲಗ್ ತೆಗೆಯುವವರು ಅವರೇ ಆಗಿರಲಿ, ಹೆಸರು ಹೇಳುವವರೂ ಅವರೇ ಆಗಿರಲಿ. ಏಳುವಾಗ ಆ ಕಾಗದವನ್ನು ಅವರ ಕೈಗೇ ಕೊಡಿ, ಅದರ ಫೋಟೊ ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಂಡು ಬರಬೇಡಿ.